‘ಜೆನೆಟಿಕ್ ಮಾರ್ಕರ್’: ಗುರುತೋ, ಕುರುಹೋ?

ಸ್ನೇಹಿತರೇ,

ಅಳಿವಿನಂಚಿನ ಹಾಡುಹಕ್ಕಿಗಳನ್ನು ಉಳಿಸಲು ‘ಜೆನೆಟಿಕ್ ಮಾರ್ಕರ್’ (ಹಕ್ಕಿಯಿಂದ ಹಕ್ಕಿಗೆ ಇರುವ ವ್ಯತ್ಯಾಸವನ್ನು ತೋರಿಸುವ ಡಿಎನ್‌ಎ ಭಾಗ) ಹೇಗೆ ನೆರವಾಗುತ್ತದೆ ಎಂಬ ಬರಹವೊಂದನ್ನು ಸಕಲೇಶಪುರ ಕಡೆಯ ಶಾಲಾ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ಅಂಥ ಮಾರ್ಕರ್‌ಗಳಲ್ಲಿ ಒಂದು ಬಗೆಯಾದ ‘ಮೈಕ್ರೊಸ್ಯಾಟಲೈಟ್’ ಎಂಬುದಕ್ಕೆ ‘ಕಿರು ಉಪಗ್ರಹ’ ಎಂದು ಬರೆದುಬಿಟ್ಟಿದ್ದೆ. ಅದನ್ನು ಓದಿದ ನಮ್ಮ ಭಾವ, ‘ಸಾಲಗಾಮೆ ರಸ್ತೆಯವರು ಈಗ ಹಕ್ಕಿಗಳನ್ನೂ ನೋಡಿಕೊಳ್ಳುತ್ತಾರೋ?’ ಎಂದರು. ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇರುವ ಹಾಸನದಲ್ಲಿ ಹೀಗೆ ಬರೆದರೆ ಇನ್ನೇನು ಕೇಳಬೇಕು!

ಆಕಾಶಕ್ಕೂ ಈ ಸ್ಯಾಟಲೈಟಿಗೂ ಸಂಬಂಧವಿಲ್ಲ. ಡಿಎನ್‌ಎಯನ್ನು ದಟ್ಟ ದ್ರಾವಣದಲ್ಲಿ ಹಾಕಿ ಅತಿವೇಗದಲ್ಲಿ ತಿರುಗಿಸಿದಾಗ ಮುಖ್ಯ ಪಟ್ಟಿಯ ಪಕ್ಕದಲ್ಲಿ ಚಿಕ್ಕ ಪಟ್ಟಿಯೊಂದು ಬೇರೆಯಾಗಿ ನಿಂತಿತು. ಒಂದೇ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಭಾಗ ಅದು. ಪಕ್ಕದಲ್ಲಿ ನಿಂತದ್ದಕ್ಕೆ ಆ ಹೆಸರು. ಅಂಥದ್ದರ ತೀರಾ ಸಣ್ಣ ರೂಪ ಮೈಕ್ರೊಸ್ಯಾಟಲೈಟ್. ಒಂದು ಹಕ್ಕಿಯಲ್ಲಿ ‘ಸಿಎ ಸಿಎ ಸಿಎ’ ಎಂದು ಹನ್ನೆರಡು ಸಲ ಬಂದರೆ ಇನ್ನೊಂದರಲ್ಲಿ ಹದಿನೈದು ಸಲ ಬರಬಹುದು. ಪ್ರತಿ ಹಕ್ಕಿಯಲ್ಲೂ ಇಂಥ ಭಾಗದ ಎರಡು ಪ್ರತಿ ಇರುತ್ತವೆ: ತಾಯಿಯಿಂದ ಒಂದು, ತಂದೆಯಿಂದ ಒಂದು. ಇಂತಹ ಹಲವು ಜಾಗಗಳನ್ನು ಒಟ್ಟಿಗೆ ನೋಡಿದರೆ ಯಾವ ಮರಿ ಯಾರದ್ದು, ಎರಡು ಗುಡ್ಡಗಳ ಹಕ್ಕಿಗಳು ಬೆರೆಯುತ್ತಿವೆಯೇ, ಹತ್ತಿರದ ರಕ್ತಸಂಬಂಧದೊಳಗೇ ಕೂಡಿ ಸೊರಗುತ್ತಿವೆಯೇ ಎಂದು ತಿಳಿಯುತ್ತದೆ. ಬೇಕಾದದ್ದು ರೆಕ್ಕೆಯ ರಕ್ತನಾಳದಿಂದ ಒಂದು ಹನಿ ರಕ್ತ. ಮೈಕ್ರೊಸ್ಯಾಟಲೈಟನ್ನು ‘ಮರುಕಳಿ’ ಎಂದರೆ ಹೇಗೆ?

ನಿಜವಾದ ತೊಡಕು ‘ಮಾರ್ಕರ್’ನದು. ‘ವಂಶವಾಹಿ ಗುರುತುಕಾರಕ’ ಎಂಬ ಪದ ನನಗೆ ಒಗ್ಗುತ್ತಿಲ್ಲ. ಕಾರಕ ಎಂದರೆ ಏನನ್ನೋ ಉಂಟುಮಾಡುವುದು. ಇದು ಏನನ್ನೂ ಮಾಡುವುದಿಲ್ಲ. ವಂಶವಾಹಿ ಎನ್ನುವುದೂ ಪೂರ್ತಿ ಸರಿಯಲ್ಲ, ಮರುಕಳಿಗಳಲ್ಲಿ ಬಹಳಷ್ಟು ವಂಶವಾಹಿಗಳ ಹೊರಗೇ ಇರುತ್ತವೆ. ತೋಟದ ಅಂಚಿನ ಬಾಂದುಕಲ್ಲು ಕಾಫಿ ಬಿಡುವುದಿಲ್ಲ, ಆದರೂ ಜಗಳ ಬಂದಾಗ ಎಲ್ಲರೂ ಹುಡುಕುವುದು ಅದನ್ನೇ. ಮಾರ್ಕರ್ ಅಂಥದ್ದು. ಹಾಗಾಗಿ ‘ಡಿಎನ್‌ಎ ಕುರುಹು’ ಎಂದು ಬರೆದಿದ್ದೇನೆ. ‘ಗುರುತು’ ಎಂದರೆ ಹಕ್ಕಿಯ ಕಾಲಿಗೆ ಹಾಕುವ ಉಂಗುರವೂ ಆಗಿಬಿಡುತ್ತದೆ. ಆದರೆ ವಚನ ಓದಿದವರಿಗೆ ‘ಕುರುಹು’ ಎಂದೊಡನೆ ‘ಅರಿವು’ ನೆನಪಾಗಿ ಇಷ್ಟಲಿಂಗದ ಕಡೆಗೆ ಮನಸ್ಸು ಹೋದೀತೇ ಎಂಬ ಅಳುಕಿದೆ.

ಉದಾಹರಣೆಗೆ ಶೋಲಕಿಳಿಯನ್ನು ತೆಗೆದುಕೊಂಡಿದ್ದೇನೆ. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳ ಈ ಹಕ್ಕಿಯನ್ನು ಹಿಂದೆ ಒಂದೇ ಪ್ರಭೇದವೆಂದು ಎಣಿಸುತ್ತಿದ್ದವರು ಬಹಳ. ಪಾಲಕ್ಕಾಡು ಕಣಿವೆಯ ಉತ್ತರದ್ದೂ ದಕ್ಷಿಣದ್ದೂ ಬಹುಕಾಲದ ಹಿಂದೆಯೇ ಅಗಲಿದವು ಎಂದು ಡಿಎನ್‌ಎ ತೋರಿಸಿತು. 2017ರಲ್ಲಿ ಇವೆರಡಕ್ಕೂ ‘ಶೋಲಿಕೋಲ’ ಎಂಬ ಹೊಸ ಕುಲವೇ ಬಂತು. ಒಂದರ ಲೆಕ್ಕಕ್ಕೆ ಇನ್ನೊಂದನ್ನು ಸೇರಿಸಿಕೊಂಡು ‘ಸಾಕಷ್ಟಿವೆ’ ಎನ್ನುವಂತಿಲ್ಲ. ‘ಕಿಳಿ’ ನಮ್ಮ ‘ಗಿಳಿ’ಯ ನೆಂಟನೇ, ಮಲಯಾಳದಲ್ಲಿ ಯಾವ ಹಕ್ಕಿಗೂ ಅನ್ನಬಹುದು, ಇಲ್ಲಿ ಮಕ್ಕಳು ಹಸಿರು ಬಣ್ಣ ಬಳಿದುಬಿಡುತ್ತಾರೆ.

‘ಹಾಡುಹಕ್ಕಿ’ಯದು ಇನ್ನೊಂದು ಫಜೀತಿ. ವಿಜ್ಞಾನದ ವರ್ಗೀಕರಣದಲ್ಲಿ ಕಾಗೆ ಹಾಡುಹಕ್ಕಿ, ಕೋಗಿಲೆ ಅಲ್ಲ! ಕಾಗೆಯ ಗೂಡಿನಲ್ಲಿ ಬೆಳೆದು ಕಾವ್ಯದಲ್ಲಿ ಹೆಸರು ಮಾಡಿದ್ದು ಮಾತ್ರ ಕೋಗಿಲೆ. ಆ ಪದವನ್ನು ನಾನು ಬದಲಿಸುವುದಿಲ್ಲ, ಅಡಿಟಿಪ್ಪಣಿ ಹಾಕುತ್ತೇನೆ.

ಕುರುಹು, ಮರುಕಳಿ: ಇವೆರಡನ್ನು ಈ ಅರ್ಥದಲ್ಲಿ ಯಾರಾದರೂ ಮೊದಲೇ ಬಳಸಿದ್ದನ್ನು ಕಂಡಿದ್ದೀರಾ? ಮಲೆನಾಡಿನ ಆಡುಮಾತಿನಲ್ಲಿ ಇದಕ್ಕಿಂತ ಚೊಕ್ಕವಾದದ್ದು ಇದ್ದರೆ ದಯವಿಟ್ಟು ತಿಳಿಸಿ. ಕರಡು ಅಚ್ಚಿಗೆ ಹೋಗಲು ಇನ್ನೂ ಒಂದು ವಾರವಿದೆ.