ಸಾರು ಬಡಿಸಲು ಹೆದರುವ ಹುಡುಗರು: ಲೀಬೊವಿಟ್ಜ್ ಪಟ್ಟಿ ಇದನ್ನು ಹಿಡಿಯುತ್ತದೆಯೇ?

ಅಘನಾಶಿನಿ
ಶಿರಸಿ, ಸಿದ್ದಾಪುರ ಕಡೆ ಪಿಯು ಮಕ್ಕಳಿಗೆ ಆಪ್ತಸಮಾಲೋಚನೆ ಮಾಡುವವರಲ್ಲಿ ಒಂದು ಪ್ರಶ್ನೆ. ಸಾಮಾಜಿಕ ಆತಂಕ ಅಳೆಯಲು ಲೀಬೊವಿಟ್ಜ್ ಪಟ್ಟಿ ಬಳಸುತ್ತಿದ್ದೇವೆ. 24 ಸನ್ನಿವೇಶ, ಪ್ರತಿಯೊಂದಕ್ಕೂ ಭಯ ಎಷ್ಟು, ತಪ್ಪಿಸಿಕೊಳ್ಳುವುದು ಎಷ್ಟು ಎಂದು 0ರಿಂದ 3 ಅಂಕ, ಗರಿಷ್ಠ 144. ಕೆಲವು ಹುಡುಗರಿಗೆ ಅಂಕ ಕಡಿಮೆಯೇ ಬರುತ್ತದೆ. ಆದರೆ ಮದುವೆಮನೆಯಲ್ಲಿ ಪಂಕ್ತಿಗೆ ಬಡಿಸಲು ಕರೆದರೆ ಹಿತ್ತಿಲ ಬಾಗಿಲಿಂದ ಮಾಯ. ಕೇಳಿದರೆ, "ನಂಗೆ ಎಂತೂ ಆಗ್ತಿಲ್ಲೆ, ಸಾರು ಚೆಲ್ಲಿರೆ ಅಪ್ಪನ ಮರ್ಯಾದೆ ಹೋಗ್ತು" ಎಂಬ ಉತ್ತರ. ಇದನ್ನು ಆತಂಕ ಅನ್ನಬೇಕೋ, ಬರೀ ಸಂಕೋಚವೋ?

ಕಾಳಿತೀರ
ಮೊದಲು ಪಟ್ಟಿಯ ವಿಷಯ. ಅದರಲ್ಲಿ ಪಾರ್ಟಿ ಕೊಡುವುದು, ಕೊಂಡ ಸಾಮಾನು ಅಂಗಡಿಗೆ ಹಿಂದಿರುಗಿಸುವುದು ಇಂಥವೆಲ್ಲ ಇವೆ. ಪಿಯು ಹುಡುಗನಿಗೆ ಇವು ಎದುರಾಗುವುದೇ ಇಲ್ಲ, ಅವನು 0 ಹಾಕಿ ಮುಂದೆ ಹೋಗುತ್ತಾನೆ. ಎದುರಾಗದ ಸನ್ನಿವೇಶವನ್ನು ಊಹಿಸಿಕೊಂಡು ಅಂಕ ಕೊಡಬೇಕು ಎಂಬ ಸೂಚನೆ ಓದಿ ಹೇಳದಿದ್ದರೆ ಒಟ್ಟು ಅಂಕ ಬೀಳುತ್ತದೆ. ಪಂಕ್ತಿಯಲ್ಲಿ ಬಡಿಸುವುದು, ನೆಂಟರ ಮನೆಯಲ್ಲಿ ಹಿರಿಯರ ಮುಂದೆ ಕೂರುವುದು ಇವನ್ನು ಬೇರೆ ಹಾಳೆಯಲ್ಲಿ ಕೇಳಿ, 144ಕ್ಕೆ ಸೇರಿಸಬೇಡಿ.

ಇನ್ನು ಅಪ್ಪನ ಮರ್ಯಾದೆ. 1991ರಲ್ಲಿ ಮನೋವಿಜ್ಞಾನಿಗಳಾದ ಹೇಝೆಲ್ ಮಾರ್ಕಸ್ ಮತ್ತು ಶಿನೊಬು ಕಿತಾಯಾಮ ಎರಡು ಬಗೆಯ 'ನಾನು' ಗುರುತಿಸಿದರು: ಉಳಿದವರಿಂದ ಬೇರೆಯಾಗಿ ನಿಲ್ಲುವ ನಾನು, ಸಂಬಂಧಗಳೊಳಗೇ ರೂಪುಗೊಳ್ಳುವ ನಾನು. ಎರಡನೆಯದು ಗಟ್ಟಿಯಾಗಿರುವವನ ಹೆದರಿಕೆ, ತನ್ನಿಂದ ಇನ್ನೊಬ್ಬರು ತಲೆ ತಗ್ಗಿಸುವಂತಾದೀತು ಎಂಬುದು. ಜಪಾನಿನಲ್ಲಿ ತೈಜಿನ್ ಕ್ಯೋಫುಶೋ ಎಂದು ಕರೆಯುವ ಆತಂಕದ ಕಾಯಿಲೆಯಲ್ಲಿ ಇದು ಇನ್ನೂ ತೀವ್ರ: ತನ್ನ ನೋಟ, ಮೈವಾಸನೆ, ಕೆಂಪೇರಿದ ಮುಖದಿಂದ ಎದುರಿನವರಿಗೆ ಕಿರಿಕಿರಿಯಾಗುತ್ತದೆ ಎಂಬ ಭಯ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಸಾಮಾಜಿಕ ಆತಂಕದ ಲಕ್ಷಣಗಳಲ್ಲೇ ಇತರರಿಗೆ ನೋವುಂಟುಮಾಡುವ ಭಯವನ್ನೂ ಸೇರಿಸಿದೆ. ಆದ್ದರಿಂದ 'ನಂಗೆ ಎಂತೂ ಆಗ್ತಿಲ್ಲೆ' ಅಂದ ಮಾತ್ರಕ್ಕೆ ಬಿಟ್ಟುಬಿಡಬೇಡಿ. ಆರು ತಿಂಗಳಿಂದ ಇದೆಯೇ, ಇದರಿಂದ ಓದು, ಊಟ, ಓಡಾಟಕ್ಕೆ ಅಡ್ಡಿಯೇ ಎಂದು ನೋಡಿ. ಮಾತು ಕಡಿಮೆ ಅನ್ನುವುದೊಂದೇ ಕಾಯಿಲೆಯಲ್ಲ.

ಬನವಾಸಿ ದಾರಿ
ಒಂದು ತಕರಾರು. "ನಮ್ಮ ಕಡೆಯವರು ಹೀಗೇ" ಅಂದುಬಿಡಬೇಡಿ. ಮನೋವಿಜ್ಞಾನಿ ಸಿಂಗೆಲಿಸ್ 1994ರಲ್ಲಿ ಮಾಡಿದ ಅಳತೆಯಲ್ಲಿ ಎರಡೂ 'ನಾನು'ಗಳಿಗೆ ತಲಾ 12 ಹೇಳಿಕೆಗಳಿವೆ, ಒಬ್ಬನಿಗೇ ಎರಡರಲ್ಲೂ ಹೆಚ್ಚು ಅಂಕ ಬರಬಹುದು. ಯಕ್ಷಗಾನದಲ್ಲಿ ಕೌರವನಾಗಿ ಅಬ್ಬರಿಸಿದವನೇ ಬ್ಯಾಂಕ್ ಕೌಂಟರಿನಲ್ಲಿ ತೊದಲಬಹುದು. ಇನ್ನೊಂದು ವಿಚಿತ್ರವೂ ಇದೆ: ಪೂರ್ವ ಏಷ್ಯಾದವರಿಗೆ ಸಾಮಾಜಿಕ ಆತಂಕದ ಪ್ರಶ್ನಾವಳಿಗಳಲ್ಲಿ ಅಂಕ ಹೆಚ್ಚು, ಕಾಯಿಲೆ ಎಂದು ಗುರುತಿಸಲಾದವರ ಪ್ರಮಾಣ ಮಾತ್ರ ಅಮೆರಿಕಕ್ಕಿಂತ ಕಡಿಮೆ. ಸುಮ್ಮನಿರುವವನನ್ನು ಊರು ಒಪ್ಪಿಕೊಂಡರೆ ಅವನು ವೈದ್ಯರ ತನಕ ಹೋಗುವುದೇ ಇಲ್ಲ.

ಅಘನಾಶಿನಿ
ಸರಿ. ಹಾಗಾದರೆ ಬಡಿಸುವ ಹುಡುಗನಿಗೆ ಏನು ಮಾಡಿಸಬೇಕು?

ಕಾಳಿತೀರ
"ಜನ ಏನಂದರೂ ತಲೆ ಕೆಡಿಸ್ಕೊಬೇಡ" ಅನ್ನಬೇಡಿ, ಅವನಿಗೆ ಅದು ಅಪ್ಪನನ್ನೇ ಬಿಟ್ಟುಕೊಟ್ಟಂತೆ ಕೇಳುತ್ತದೆ. ಅವನ ಊಹೆಯನ್ನೇ ಪರೀಕ್ಷೆಗೆ ಹಚ್ಚಿ. "ಸಾರು ಚೆಲ್ಲಿದರೆ ಪಂಕ್ತಿಯವರು ಅಪ್ಪನನ್ನು ಕರೆದು ಮಾತಾಡುತ್ತಾರೆ" ಎಂದು ಮೊದಲೇ ಬರೆಸಿ, ಎಷ್ಟು ನಂಬುತ್ತಾನೆಂದು 100ಕ್ಕೆ ಅಂಕ ಹಾಕಿಸಿ. ಮನೆಯಲ್ಲಿ ಖಾಲಿ ಎಲೆಗಳಿಗೆ ಸೌಟಿನಲ್ಲಿ ನೀರು ಬಡಿಸುವುದರಿಂದ ಶುರು. ಆಮೇಲೆ ಸಣ್ಣ ಪೂಜೆಯ ಊಟದಲ್ಲಿ ಅನ್ನ, ನಂತರ ಸಾರು. ಕೊನೆಗೆ ಬೇಕೆಂದೇ ಎಲೆಯ ಅಂಚಿಗೆ ನಾಲ್ಕು ಹನಿ ಚೆಲ್ಲಬೇಕು, ಬಿಸಿ ಸಾರನ್ನಲ್ಲ. "ತಪ್ಪಾತು" ಅಂತ ಒಂದೇ ಸಲ ಅಂದು ಮುಂದಿನ ಎಲೆಗೆ ಹೋಗಬೇಕು.

ಕೆಡುವುದು ಎಲ್ಲಿ ಗೊತ್ತೇ? ಹುಡುಗರು ಉಪ್ಪು, ಹಪ್ಪಳ ಮಾತ್ರ ಬಡಿಸಿ "ಬಡಿಸಿದೆ" ಅನ್ನುತ್ತಾರೆ. ಸೌಟು ಅರ್ಧವೇ ತುಂಬುತ್ತಾರೆ, ಬಕೆಟ್ ಎದೆಗೆ ಒತ್ತಿಕೊಳ್ಳುತ್ತಾರೆ, ಎಲೆಗೊಂದು ಸಲ ಕ್ಷಮೆ ಕೇಳುತ್ತಾರೆ. ಇವು ಇರುವ ತನಕ "ಹೀಗೆ ಮಾಡಿದ್ದಕ್ಕೆ ಬಚಾವಾದೆ" ಎಂಬ ನಂಬಿಕೆ ಗಟ್ಟಿಯಾಗುತ್ತದೆ, ಭಯ ಕರಗುವುದಿಲ್ಲ. ಒಂದೊಂದಾಗಿ ಬಿಡಿಸಿ. ನಡುಗುವಾಗ ಅವನ ಗಮನ ಕೈಮೇಲೆ ಇರುತ್ತದೆ, ಉಣ್ಣುವವರ ಮುಖ ನೋಡಿ "ಇನ್ನೂ ಹಾಕಲೋ?" ಎಂದು ಕೇಳಲು ಹೇಳಿಕೊಡಿ.

ಬನವಾಸಿ ದಾರಿ
ಮನೆಯವರಿಗೂ ಒಂದು ಮಾತು ಹೇಳಿಡಿ. ಊಟವಾದ ಮೇಲೆ "ಯಾರಾದರೂ ಎಂತಾದರೂ ಅಂದ್ವಾ?" ಎಂದು ಅಮ್ಮನನ್ನು ಪದೇಪದೇ ಕೇಳುತ್ತಾನೆ. ಒಮ್ಮೆ ಉತ್ತರಿಸಿ, ಎರಡನೇ ಸಲಕ್ಕೆ "ನೀ ಬರೆದಿಟ್ಟದ್ದು ನೋಡು" ಅಂದರೆ ಸಾಕು. ಕಾಲೇಜನ್ನೇ ಬಿಟ್ಟರೆ, ಸಾಯುವ ಮಾತಾಡಿದರೆ ಈ ಅಭ್ಯಾಸ ಪಕ್ಕಕ್ಕಿಟ್ಟು ಮನೋವೈದ್ಯರ ಬಳಿ ಕಳಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿಸಿ.