ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರ್: ಜಾಯಿಂಟ್ ಬಿಸಿಯಾಗುತ್ತಿದೆ, ಎಂಸಿಬಿ ಬೀಳುತ್ತಿಲ್ಲ

ಹಳೇವೈರಿಂಗ್:
ಗೋಡೆಯೊಳಗಿರುವುದು 4 ಚದರ ಮಿಮೀ ಅಲ್ಯೂಮಿನಿಯಂ, ಒಂಟಿ ಎಳೆಯದು. ಅದಕ್ಕೆ 2.5 ಚದರ ಮಿಮೀ ತಾಮ್ರದ ವೈರ್ ಸೇರಿಸಿ 16 ಆಂಪ್ ಸಾಕೆಟ್‌ಗೆ ಎಳೆದಿದ್ದಾರೆ. ಜಾಯಿಂಟ್ ಅಂದರೆ ಎರಡನ್ನೂ ಹೊಸೆದು ಟೇಪ್ ಸುತ್ತಿರುವುದು, ಅಷ್ಟೇ. ಹೀಟರ್ ಹಾಕಿದ ಸ್ವಲ್ಪ ಹೊತ್ತಿಗೇ ಜಂಕ್ಷನ್ ಬಾಕ್ಸಿನ ಮುಚ್ಚಳ ಬಿಸಿಯಾಗುತ್ತದೆ, ಟೇಪ್ ಅಂಟಂಟಾಗಿದೆ. ಆದರೂ 16 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದಿಲ್ಲ. ಇಡೀ ವೈರಿಂಗ್ ಬದಲಿಸುವುದು ಸದ್ಯಕ್ಕೆ ಆಗದ ಮಾತು. ಬೆಸುಗೆ ಹಾಕಿದರೆ ಸಾಕೇ? ಅಥವಾ ಹಿತ್ತಾಳೆಯ ಸ್ಕ್ರೂ ಕನೆಕ್ಟರ್ ಸಾಲುತ್ತದೆಯೇ?

ಓಮ್‌ಲೆಕ್ಕ:
ಎರಡೂ ಬೇಡ. ಜಾಯಿಂಟ್ ಸರಿಮಾಡುವ ತನಕ ಆ ಸರ್ಕ್ಯೂಟನ್ನು ಆಫ್ ಮಾಡಿಯೇ ಇಡಿ.

ಎಂಸಿಬಿ ಬೀಳಲಿಲ್ಲ ಎಂದು ಸಮಾಧಾನ ಪಡಬೇಡಿ. ಅದು ನೋಡುವುದು ಕರೆಂಟನ್ನು ಮಾತ್ರ. ಕೆಟ್ಟ ಜಾಯಿಂಟ್‌ನಲ್ಲಿ ಕರೆಂಟ್ ಹೆಚ್ಚುವುದಿಲ್ಲ, ಹೆಚ್ಚುವುದು ಆ ಒಂದು ಬಿಂದುವಿನ ರೋಧ, ಅಂದರೆ ಕರೆಂಟಿನ ಹರಿವಿಗೆ ಬರುವ ಅಡ್ಡಿ. 0.1 ಓಮ್ ರೋಧದಲ್ಲಿ 10 ಆಂಪ್ ಹರಿದರೆ 10 ವಾಟ್ ಶಾಖ, 16 ಆಂಪ್ ಹರಿದರೆ 25 ವಾಟ್‌ಗೂ ಹೆಚ್ಚು. ಬೆರಳ ತುದಿಯಷ್ಟು ಜಾಗದಲ್ಲಿ ಇಷ್ಟು ಶಾಖ. ಭೂಮಿಗೆ ಸೋರಿಕೆಯೇನೂ ಇಲ್ಲದ ಕಾರಣ ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಸಿಬಿಗೂ ಇದು ಕಾಣಿಸುವುದಿಲ್ಲ.

ರೋಧ ಏರುವುದೇಕೆ? ಅಲ್ಯೂಮಿನಿಯಂ ಗಾಳಿಗೆ ತಾಗಿದ ಕ್ಷಣವೇ ಅದರ ಮೇಲೆ ಆಕ್ಸೈಡಿನ ತೆಳು ಪದರ ಕೂರುತ್ತದೆ. ತಾಮ್ರದ ಆಕ್ಸೈಡ್ ಅಷ್ಟು ತೊಂದರೆ ಕೊಡದು, ಇದು ಮಾತ್ರ ಅಪ್ಪಟ ಅವಾಹಕ. ಮೇಲಾಗಿ ಅಲ್ಯೂಮಿನಿಯಂ ಮೆದು, ಒತ್ತಿ ಹಿಡಿದರೆ ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತದೆ. ಬಿಸಿಯಾದಾಗ ಅದು ಹಿಗ್ಗುವುದು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 23 ಮೈಕ್ರಾನ್, ತಾಮ್ರ ಸುಮಾರು 17. ಲೋಡ್ ಹಾಕಿ ತೆಗೆದಷ್ಟೂ ಬಿಗಿ ಸಡಿಲುತ್ತದೆ, ಸಡಿಲಾದ ಸಂದಿಗೆ ಗಾಳಿ ನುಗ್ಗಿ ಹೊಸ ಆಕ್ಸೈಡ್ ಕಟ್ಟುತ್ತದೆ, ಅದರಿಂದ ಇನ್ನಷ್ಟು ಬಿಸಿ. ತೇವವೂ ಸೇರಿದರೆ ಎರಡು ಲೋಹಗಳ ನಡುವೆ ಪುಟ್ಟ ಬ್ಯಾಟರಿಯೇ ಏರ್ಪಟ್ಟು, ಸವೆದುಹೋಗುವುದು ಅಲ್ಯೂಮಿನಿಯಂ.

ಇನ್ನು ಬೆಸುಗೆ. ಆಕ್ಸೈಡ್ ಕರಗಲು 2000 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ. ಸಾಮಾನ್ಯ ತವರದ ಬೆಸುಗೆ ಆ ಪದರದ ಮೇಲೆ ಕೂತಂತೆ ಕಂಡರೂ ಲೋಹಕ್ಕೆ ಹಿಡಿದಿರುವುದಿಲ್ಲ. ಹಿತ್ತಾಳೆಯ ಸ್ಟ್ರಿಪ್ ಕನೆಕ್ಟರ್‌ನಲ್ಲಿ ಸ್ಕ್ರೂ ತುದಿ ನೇರವಾಗಿ ಅಲ್ಯೂಮಿನಿಯಂ ಮೇಲೆ ತಿರುಗಿ ಅರ್ಧ ಕತ್ತರಿಸಿಬಿಡುತ್ತದೆ.

ಕ್ರಿಂಪ್‌ಕೆಲಸ:
ನಿಮಗೆ ಬೇಕಿರುವುದು ತವರ ಲೇಪಿಸಿದ ಅಲ್ಯೂಮಿನಿಯಂ ದಿಮ್ಮಿಯುಳ್ಳ, ಪ್ರತಿ ವೈರಿಗೂ ಬೇರೆ ತೂತು, ಬೇರೆ ಸ್ಕ್ರೂ ಇರುವ ಕನೆಕ್ಟರ್. ಎರಡು ಲೋಹಗಳು ಒಂದಕ್ಕೊಂದು ತಾಗಲೇಬಾರದು. ಮೈಮೇಲೆ ಎಎಲ್-ಸಿಯು (ಅಲ್ಯೂಮಿನಿಯಂ-ತಾಮ್ರ) ಎಂಬ ಗುರುತು, ವೈರಿನ ಅಳತೆ, ಆಂಪ್ ಮಿತಿ ಮೂರೂ ಇದ್ದರೆ ಮಾತ್ರ ಕೊಳ್ಳಿ. ಫೇಸ್, ನ್ಯೂಟ್ರಲ್, ಅರ್ಥ್‌ಗೆ ಒಂದೊಂದರಂತೆ ಮೂರು. ನ್ಯೂಟ್ರಲ್‌ನಲ್ಲೂ ಫೇಸಿನಷ್ಟೇ ಕರೆಂಟ್ ಹರಿಯುತ್ತದೆ. ಅದನ್ನು ಹಾಗೇ ಬಿಟ್ಟು ಫೇಸ್ ಮಾತ್ರ ಸರಿಮಾಡುವವರೇ ಹೆಚ್ಚು.

ಟೆಸ್ಟರನ್ನು ಮೊದಲು ಲೈವ್ ಇರುವ ಕಡೆ ಹಚ್ಚಿ ಅದು ಕೆಲಸ ಮಾಡುತ್ತಿದೆಯೆಂದು ಖಚಿತ ಮಾಡಿಕೊಂಡು, ಮೇನ್ ಆಫ್ ಮಾಡಿ, ಆಮೇಲೆ ಬಾಕ್ಸಿನ ಎಲ್ಲ ವೈರುಗಳನ್ನೂ ನೋಡಿ. ಸುಟ್ಟ ಭಾಗವನ್ನು ಕತ್ತರಿಸುತ್ತ ಹಿಂದಕ್ಕೆ ಹೋಗಿ. ಲೋಹ ಹೊಳೆಯಬೇಕು, ಹೊದಿಕೆ ಬಗ್ಗಿಸಿದರೆ ಬಿರಿಯಬಾರದು. ಹೊದಿಕೆ ಸುಲಿಯಲು ಚಾಕು ಬೇಡ, ಅಳತೆಗೆ ತಕ್ಕ ಸ್ಟ್ರಿಪ್ಪರ್ ಬಳಸಿ. ಅಲ್ಯೂಮಿನಿಯಂ ಮೇಲೆ ಒಂದು ಗೀರು ಬಿದ್ದರೂ ಬಗ್ಗಿಸುವಾಗ ಅಲ್ಲೇ ಮುರಿಯುತ್ತದೆ. ಸುಲಿಯುವ ಉದ್ದ ಕನೆಕ್ಟರ್ ಹೇಳಿದಷ್ಟೇ, ಸಾಮಾನ್ಯವಾಗಿ 10-12 ಮಿಮೀ.

ಈಗ ಮುಖ್ಯವಾದದ್ದು. ಸತುವಿನ ಪುಡಿ ಬೆರೆಸಿದ ಆಕ್ಸೈಡ್ ತಡೆಯುವ ಪೇಸ್ಟನ್ನು ಅಲ್ಯೂಮಿನಿಯಂಗೆ ಮೊದಲು ಬಳಿದು, ಆ ಪೇಸ್ಟಿನೊಳಗೇ ನಯವಾದ ಎಮರಿ ಪೇಪರಿನಿಂದ ಉಜ್ಜಿ. ಒಣದಾಗಿ ಉಜ್ಜಿ ಆಮೇಲೆ ಹಚ್ಚಿದರೆ ಅಷ್ಟರಲ್ಲಿ ಪದರ ಮತ್ತೆ ಕೂತಿರುತ್ತದೆ. ಪೇಸ್ಟ್ ಒರೆಸದೆ ಹಾಗೇ ತೂರಿಸಿ. ಕನೆಕ್ಟರ್‌ನಲ್ಲಿ ಮೊದಲೇ ಪೇಸ್ಟ್ ತುಂಬಿದ್ದರೆ ತಯಾರಕರು ಹೇಳಿದಂತೆ ಮಾಡಿ. ಸ್ಕ್ರೂವನ್ನು ಟಾರ್ಕ್ ಸ್ಕ್ರೂಡ್ರೈವರಿನಿಂದಲೇ (ಎಷ್ಟು ಬಲದಲ್ಲಿ ತಿರುಗಿಸಬೇಕೆಂದು ಹೊಂದಿಸಬಹುದಾದದ್ದು) ಬಿಗಿಯಿರಿ. ಈ ಗಾತ್ರಕ್ಕೆ 1.1ರಿಂದ 1.7 ನ್ಯೂಟನ್-ಮೀಟರ್ ಆಸುಪಾಸು ಇರುತ್ತದೆ, ಆದರೆ ನಿಮ್ಮ ಕನೆಕ್ಟರಿನ ಪೊಟ್ಟಣದ ಮೇಲಿನ ಅಂಕಿಯೇ ಅಂತಿಮ. ಕೈಅಳತೆಯಲ್ಲಿ ಬಿಗಿದರೆ ಒಂದೋ ಸಡಿಲ, ಇಲ್ಲವೇ ವೈರ್ ಚಪ್ಪಟೆ. ಪ್ರತಿಯೊಂದನ್ನೂ ಎಳೆದು ನೋಡಿ.

ವೈರಿನ ಗಾತ್ರ ಸರಿಯಾಗಿಯೇ ಇದೆ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಸುಮಾರು 61%, ಹಾಗಾಗಿ 4 ಚದರ ಮಿಮೀ ಅಲ್ಯೂಮಿನಿಯಂ ಹತ್ತಿರಹತ್ತಿರ 2.5 ತಾಮ್ರಕ್ಕೆ ಸಮ.

ಲಿವರ್‌ಕ್ಲಿಪ್:
ಸ್ಪ್ರಿಂಗ್ ಲಿವರ್ ಕನೆಕ್ಟರನ್ನೂ ಬಳಸಬಹುದಲ್ಲ? ಸ್ಪ್ರಿಂಗ್ ಒತ್ತುತ್ತಲೇ ಇರುವುದರಿಂದ ಸಡಿಲಾಗುವ ಪ್ರಶ್ನೆ ಬರುವುದಿಲ್ಲ.

ಕ್ರಿಂಪ್‌ಕೆಲಸ:
ಎಲ್ಲವೂ ಆಗುವುದಿಲ್ಲ. ಕೆಲವು ತಯಾರಕರು ಮಾತ್ರ, ತಮ್ಮ ಪೇಸ್ಟನ್ನು ತೂತಿನಲ್ಲಿ ತುಂಬುವ ಷರತ್ತಿನ ಮೇಲೆ, ಅಲ್ಯೂಮಿನಿಯಂಗೆ ಒಪ್ಪುತ್ತಾರೆ. ಆಗಲೂ ಆಂಪ್ ಮಿತಿ ತಾಮ್ರಕ್ಕಿಂತ ಕಡಿಮೆ. ಹೀಟರ್ ಲೋಡಿಗೆ ನಾನಾದರೆ ಸ್ಕ್ರೂ ದಿಮ್ಮಿಯನ್ನೇ ಆರಿಸುತ್ತೇನೆ.

ಹಳೇವೈರಿಂಗ್:
ಪೇಸ್ಟ್ ಸಿಗದಿದ್ದರೆ ವ್ಯಾಸಲೀನ್ ನಡೆಯುತ್ತದೆಯೇ? ವರ್ಷಕ್ಕೊಮ್ಮೆ ಸ್ಕ್ರೂ ಬಿಗಿ ಮಾಡಿಕೊಳ್ಳಬೇಕೇ?

ಓಮ್‌ಲೆಕ್ಕ:
ವ್ಯಾಸಲೀನ್ ಗಾಳಿಯನ್ನು ತಡೆಯುತ್ತದೆ, ನಿಜ. ಆದರೆ ಆಕ್ಸೈಡ್ ಸೀಳುವ ಲೋಹದ ಪುಡಿ ಅದರಲ್ಲಿಲ್ಲ, ಜಾಯಿಂಟ್ ಬಿಸಿಯಾದರೆ ಕರಗಿ ಹರಿದೂ ಹೋಗುತ್ತದೆ. ಪೇಸ್ಟ್ ಸಿಗುವವರೆಗೆ ಕಾಯಿರಿ. ಸ್ಕ್ರೂವನ್ನು ಸುಮ್ಮನೆ ಮತ್ತೆ ಮತ್ತೆ ಬಿಗಿಯಬೇಡಿ, ಪ್ರತಿ ಸಲವೂ ಅಲ್ಯೂಮಿನಿಯಂ ಇನ್ನಷ್ಟು ತೆಳ್ಳಗಾಗುತ್ತದೆ. ಬಿಸಿಯಾದ ಗುರುತು ಕಂಡರೆ ತುದಿ ಕತ್ತರಿಸಿ ಹೊಸದಾಗಿ ಮಾಡಿ.

ಪರೀಕ್ಷೆಗೆ, ಲೈವ್ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲಿ, 10 ಆಂಪ್ ಲೋಡಿಟ್ಟು ಜಾಯಿಂಟಿನ ಆಚೆ-ಈಚೆ ಮಿಲಿವೋಲ್ಟ್ ಅಳೆಯಿಸಿ. ನಿಮ್ಮ ಅಲ್ಯೂಮಿನಿಯಂ ವೈರಿನ 10 ಸೆಂಮೀ ತುಂಡಿನಲ್ಲೇ ಸುಮಾರು 7 ಮಿಲಿವೋಲ್ಟ್ ಬೀಳುತ್ತದೆ. ಜಾಯಿಂಟ್ ಅದರ ಆಸುಪಾಸು ಇದ್ದರೆ ಸರಿ, ನೂರು ದಾಟಿದರೆ ಬಿಚ್ಚಿ.

ಕ್ರಿಂಪ್‌ಕೆಲಸ:
ಹೊರಾಂಗಣದ ಬಾಕ್ಸಾದರೆ ಅಲ್ಯೂಮಿನಿಯಂ ಮೇಲೆ, ತಾಮ್ರ ಕೆಳಗೆ ಬರುವಂತೆ ಜೋಡಿಸಿ. ತಾಮ್ರದ ಮೇಲಿನಿಂದ ಇಳಿದ ನೀರು ಅಲ್ಯೂಮಿನಿಯಂನಲ್ಲಿ ಗುಳಿ ಕೊರೆಯುತ್ತದೆ. ಒಳಗಿನ ಬಾಕ್ಸಾದರೂ ಮುಚ್ಚಳದ ಮೇಲೆ ಗಾರೆ ಬಳಿಯಬೇಡಿ, ಈ ಜಾಯಿಂಟ್ ಯಾವತ್ತೂ ಕೈಗೆ ಸಿಗುವಂತಿರಬೇಕು.