ಸಹಾಯ ಬೇಕು: ಸೆವೆನ್ ರೆಪ್ಲಿಕಾಗೆ ಯಾವ ಗೇರ್‌ಬಾಕ್ಸ್, ಯಾವ ಆಕ್ಸಲ್ ರೇಷಿಯೋ?

ನಮಸ್ಕಾರ ಎಲ್ಲರಿಗೂ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ ಕೊಟ್ಟಿಗೆಯಲ್ಲಿ 1957ರ ಲೋಟಸ್ ಸೆವೆನ್ (ಬ್ರಿಟನ್ನಿನ ಚಿಕ್ಕ, ತೆರೆದ ಸ್ಪೋರ್ಟ್ಸ್ ಕಾರು) ಮಾದರಿಯ ಕಾರು ಕಟ್ಟುತ್ತಿದ್ದೇನೆ. ಚಾಸಿ (ಕಾರಿನ ಪೈಪ್ ಚೌಕಟ್ಟು) ಮುಗಿದಿದೆ, 1.6 ಲೀಟರ್ ಪೆಟ್ರೋಲ್ ಎಂಜಿನ್ ಕೂರಿಸಿ ಆಯ್ತು. ಗೇರ್‌ಬಾಕ್ಸ್ ಹತ್ರ ಬಂದು ನಿಂತಿದ್ದೇನೆ.

ಕೈಗೆ ಸಿಗುವಂತಿರುವುದು ಎರಡು, ಎರಡೂ 5 ಸ್ಪೀಡ್. ಫೋರ್ಡ್ ಟೈಪ್ 9ರಲ್ಲಿ ಮೊದಲ ಗೇರ್‌ನ ರೇಷಿಯೋ (ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟ್‌ನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು) 3.65, ಎರಡನೆಯದು 1.97. ಅಂದ್ರೆ 5000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 5000 ಸುತ್ತು) ಗೇರ್ ಬದಲಿಸಿದರೆ ಎಂಜಿನ್ ಸುಮಾರು 2700ಕ್ಕೆ ಇಳಿಯುತ್ತದೆ. ಮಾಜ್ದಾ ಎಂಎಕ್ಸ್-5ರದ್ದು 3.14 ಮತ್ತು 1.89, ಅಲ್ಲಿ 3000ದ ಹತ್ತಿರ ನಿಲ್ಲುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಈ 300 ಆರ್‌ಪಿಎಂ ಬಹಳ ಮುಖ್ಯ ಅಂತ ನನಗನಿಸುತ್ತದೆ, ಯಾಕಂದ್ರೆ ಹೇರ್‌ಪಿನ್ ದಾಟಿ ಎರಡನೇ ಗೇರ್ ಹಾಕಿದಾಗ ಎಂಜಿನ್ ತೀರಾ ಕೆಳಗೆ ಇಳಿಯಬಾರದು; ಜೊತೆಗೆ ಫೋರ್ಡ್‌ನ 3.65ರಂಥ ಮೊದಲ ಗೇರ್‌ನಲ್ಲಿ ಚಕ್ರಕ್ಕೆ ಎಳೆತ ಜಾಸ್ತಿ, ಮಳೆಗಾಲದ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಸುಮ್ನೆ ಜಾರುತ್ತದೆ. ಆದರೆ ಮಾಜ್ದಾ ಹಾಕಿದರೆ ಬೆಲ್‌ಹೌಸಿಂಗ್‌ಗೆ (ಗೇರ್‌ಬಾಕ್ಸ್ ಎಂಜಿನ್‌ಗೆ ಕೂಡುವ ಕವಚ) ಎಂಜಿನ್ ಜೊತೆ ಹೊಂದಿಸುವ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು.

ಆಕ್ಸಲ್ ರೇಷಿಯೋ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ ಎಷ್ಟು ಸುತ್ತು) 3.9 ಇರಲಾ, 4.3 ಇರಲಾ? ಟೈರ್ 185/60 ಆರ್14. ಐದನೇ ಗೇರ್ 0.81 ಅಂತ ಹಿಡಿದರೆ 80 ಕಿ.ಮೀ. ವೇಗದಲ್ಲಿ 3.9ಕ್ಕೆ ಸುಮಾರು 2300 ಆರ್‌ಪಿಎಂ, 4.3ಕ್ಕೆ 2550. ಶಿವಮೊಗ್ಗ ರಸ್ತೆಯಲ್ಲಿ 80 ದಾಟೋದೇ ಅಪರೂಪ, ಕಾರೂ ಹಗುರ, ಹಾಗಾಗಿ ನನ್ನ ಮನಸ್ಸು 4.3ರ ಕಡೆಗಿದೆ. ಶಬ್ದ ಜಾಸ್ತಿ ಆಗುತ್ತಾ ಅನ್ನೋದೊಂದೇ ಚಿಂತೆ.

ರಟ್ಟಿನಲ್ಲಿ ಗೇರ್‌ಬಾಕ್ಸ್ ಅಳತೆಯ ಮಾದರಿ ಮಾಡಿ ಟನಲ್‌ನಲ್ಲಿಟ್ಟು (ಸೀಟುಗಳ ನಡುವೆ ಗೇರ್‌ಬಾಕ್ಸ್ ಕೂರುವ ಜಾಗ) ನೋಡಿದೆ. ಮಾಜ್ದಾ ಅಳತೆಯದ್ದು ಎಡಗಡೆ ಚಾಸಿ ಪೈಪಿಗೆ ಬೆರಳಗಲ ತಾಗುತ್ತದೆ. ಪೈಪ್ ಕತ್ತರಿಸಿ ಬೇರೆ ಕಡೆ ವೆಲ್ಡ್ ಮಾಡಿದರೆ ಚಾಸಿಯ ಬಲ ಕಮ್ಮಿ ಆಗಲ್ವಾ? ಇದನ್ನು ಕೈಯಾರೆ ಮಾಡಿದವರು ದಯವಿಟ್ಟು ಹೇಳಿ, ಫೋಟೋ ಇದ್ದರೆ ಹಾಕಿ.